ಆಕರಕೋಶದ ಕಾಯಿದೆ: ಹಣ ಯಾರದು, ಹಕ್ಕು ಯಾರದು?

(ಕಾರ್ಮಿಕರ ಮತ್ತು ಸಣ್ಣ ವರ್ತಕರ ಅಧ್ಯಯನ ವರ್ಗದಲ್ಲಿ ಮಾಡಿದ ಭಾಷಣ)



ಇಂದಿನ ವಿಷಯವನ್ನು ಕರಪತ್ರದಲ್ಲಿ ಓದಿದ ಕೆಲವರು, "ಬೋನಸ್ಸಿನ ಮಾತು ಬಿಟ್ಟು ಇದೇನು ಡಾಕ್ಟರುಗಳ ಮಾತು ತೆಗೆದಿರಿ?" ಎಂದು ಕೇಳಿದರು. ಕೇಳತಕ್ಕ ಮಾತೇ. ಆದರೆ ಈ ವಿಷಯ ನಾವು ಕರೆಯದೆ ತಾನಾಗಿ ನಮ್ಮ ಮನೆಗೆ ಬಂದಾಗಿದೆ. ಸೊಸೆಯನ್ನು ಹೆರಿಗೆಗೆಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರೆ, ಮಗುವಿನ ಹೊಕ್ಕುಳಬಳ್ಳಿಯ ರಕ್ತವನ್ನು ಬ್ಯಾಂಕಿನಲ್ಲಿಡಿ, ಹಣವನ್ನು ಕಂತಿನಲ್ಲಿ ಕಟ್ಟಿದರೂ ಆದೀತು ಎನ್ನುವ ಏಜೆಂಟನು ಬಾಗಿಲಲ್ಲೇ ಸಿಗುತ್ತಾನೆ. ಪಾರ್ಶ್ವವಾಯು ಬಡಿದವರ ಮನೆಗೆ, ನಡೆಯಲಾರದ ಕೂಸಿನ ಮನೆಗೆ 'ಸ್ಟೆಮ್ ಸೆಲ್ ಚಿಕಿತ್ಸೆ' ಎಂಬ ಬಣ್ಣದ ಕಾಗದ ಬರುತ್ತದೆ. ನಮ್ಮ ಪಕ್ಷದ ಕಚೇರಿಗೂ ಇಂಥ ಕಾಗದ ಹಿಡಿದುಕೊಂಡು, "ಇದಕ್ಕೆ ಹೊಲ ಅಡವಿಡಬಹುದೋ ಬಾರದೋ" ಎಂದು ಕೇಳಲು ಬಂದವರಿದ್ದಾರೆ. ಆದುದರಿಂದ ಇದು ಬೋನಸ್ಸಿನ ಮಾತೇ. ದುಡಿದು ತಂದ ಹಣ ಎಲ್ಲಿಗೆ ಹೋಗುತ್ತದೆಂಬ ಮಾತು.

ಮೊದಲು ವಸ್ತು ಏನೆಂದು ತಿಳಿಯೋಣ. ನಮ್ಮ ಮೈಯೆಲ್ಲ ಕೋಶಗಳಿಂದಾಗಿದೆ. ಚರ್ಮದ ಕೋಶ ಚರ್ಮದ ಕೆಲಸವನ್ನೇ ಮಾಡುತ್ತದೆ, ನರದ ಕೋಶ ನರದ ಕೆಲಸವನ್ನೇ. ಗಿರಣಿಯಲ್ಲಿ ನೇಯುವವನು ನೇಯುತ್ತಾನೆ, ಬಣ್ಣದ ಖಾತೆಯವನು ಬಣ್ಣ ಹಾಕುತ್ತಾನೆ, ಹಾಗೆ. ಆದರೆ ಇನ್ನೂ ಯಾವ ಕೆಲಸಕ್ಕೂ ಹಂಚಿಕೆಯಾಗದ ಕೆಲವು ಕೋಶಗಳಿವೆ. ಅವು ತಮ್ಮಂಥವನ್ನೇ ಹೆಚ್ಚಿಸಿಕೊಳ್ಳಬಲ್ಲವು, ಬೇಕಾದಾಗ ಬೇರೆ ಬೇರೆ ಕೆಲಸದ ಕೋಶಗಳೂ ಆಗಬಲ್ಲವು. ಇವನ್ನೇ ಆಕರಕೋಶ ಎನ್ನುತ್ತಾರೆ. ಮೂಳೆಯ ಮಜ್ಜೆಯಲ್ಲಿ ರಕ್ತವನ್ನು ಹುಟ್ಟಿಸುವ ಆಕರಕೋಶಗಳಿವೆ. ರಕ್ತದ ಕ್ಯಾನ್ಸರಿಗೆ ಮಜ್ಜೆ ಕಸಿ ಮಾಡುವುದು ಈ ಕೋಶಗಳ ಬಲದಿಂದಲೇ. ಅದು ದಶಕಗಳಿಂದ ನಡೆದು ಬಂದ, ಪರೀಕ್ಷೆಯಲ್ಲಿ ನಿಂತ ಚಿಕಿತ್ಸೆ. ಅದರ ಬಗ್ಗೆ ಜಗಳವಿಲ್ಲ.

ಜಗಳ ಹುಟ್ಟಿದ್ದು 1998ರಲ್ಲಿ. ಆ ವರ್ಷ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಥಾಮ್ಸನ್ ಎಂಬ ವಿಜ್ಞಾನಿ, ಐದಾರು ದಿನಗಳ ಮನುಷ್ಯಭ್ರೂಣದಿಂದ ಆಕರಕೋಶಗಳನ್ನು ತೆಗೆದು ಗಾಜಿನ ತಟ್ಟೆಯಲ್ಲಿ ಬೆಳೆಸಿದರು. ಮಕ್ಕಳಿಲ್ಲದವರಿಗೆ ಪ್ರನಾಳಶಿಶುವಿನ ಚಿಕಿತ್ಸೆ ಮಾಡುವಾಗ ಹೆಚ್ಚಾಗಿ ಉಳಿಯುವ ಭ್ರೂಣಗಳನ್ನು, ಆ ದಂಪತಿಗಳ ಒಪ್ಪಿಗೆಯಿಂದ, ಅವರು ಪಡೆದಿದ್ದರು. ಈ ಕೋಶ ಶರೀರದ ಯಾವ ಅಂಗದ ಕೋಶವಾದರೂ ಆಗಬಲ್ಲದು. ಆದರೆ ಅದನ್ನು ತೆಗೆದರೆ ಭ್ರೂಣ ಉಳಿಯುವುದಿಲ್ಲ. ಅದು ಉಪ್ಪಿನ ಹರಳಿಗಿಂತ ಚಿಕ್ಕದು, ಅದಕ್ಕೆ ನರವಿಲ್ಲ, ಹೃದಯವಿಲ್ಲ ಎಂದು ಒಬ್ಬರು. ಚಿಕ್ಕದಾದರೇನು, ಅದೂ ಮನುಷ್ಯಜೀವ ಎಂದು ಇನ್ನೊಬ್ಬರು. ಎರಡನೆಯ ಮಾತನ್ನಾಡುವವರನ್ನು ಗೇಲಿ ಮಾಡಲು ನಾವು ಇಲ್ಲಿ ನಿಂತಿಲ್ಲ. ಬಡವರ ಶರೀರವನ್ನು ಸರಕಿನಂತೆ ಕಾಣುವ ಕಾಲದಲ್ಲಿ, ಜೀವವನ್ನು ಸರಕು ಮಾಡಬೇಡಿ ಎನ್ನುವವನ ಮಾತಿಗೆ ಬೆಲೆಯಿದೆ. ನಮ್ಮ ಪ್ರಶ್ನೆ ಬೇರೆ. ಅಮೆರಿಕದ ಶಾಸನಕಾರರು ಈ ನೀತಿಯನ್ನು ಯಾರಿಗೆ ಹಾಕಿದರು, ಯಾರಿಗೆ ಬಿಟ್ಟರು?

1996ರ ಆಯವ್ಯಯ ಕಾಯಿದೆಗೆ ಅಲ್ಲಿನ ಕಾಂಗ್ರೆಸ್ಸು ಒಂದು ಬಾಲವನ್ನು ಜೋಡಿಸಿತು. ಅದನ್ನು ತಂದ ಇಬ್ಬರು ಸದಸ್ಯರ ಹೆಸರಿನಿಂದ ಡಿಕಿ-ವಿಕರ್ ತಿದ್ದುಪಡಿ ಎಂದು ಕರೆಯುತ್ತಾರೆ. ಮನುಷ್ಯಭ್ರೂಣ ನಾಶವಾಗುವಂಥ ಸಂಶೋಧನೆಗೆ ಕೇಂದ್ರ ಸರಕಾರದ ಆರೋಗ್ಯ ಇಲಾಖೆಯ ಒಂದು ಕಾಸೂ ಖರ್ಚಾಗತಕ್ಕದ್ದಲ್ಲ ಎಂಬುದು ಅದರ ತಾತ್ಪರ್ಯ. ಅಂದಿನಿಂದ ಇಂದಿನವರೆಗೆ ವರ್ಷ ವರ್ಷವೂ ಅದು ಆಯವ್ಯಯದ ಜೊತೆ ಪಾಸಾಗುತ್ತ ಬಂದಿದೆ. ಈಗ ಗಮನಿಸಿರಿ: ಭ್ರೂಣದ ಮೇಲೆ ಸಂಶೋಧನೆ ಮಾಡಕೂಡದು ಎಂದು ಅದು ಹೇಳಲಿಲ್ಲ. ಸರಕಾರದ ಹಣದಿಂದ ಮಾಡಕೂಡದು ಎಂದಷ್ಟೇ ಹೇಳಿತು. ಕಂಪೆನಿಯು ತನ್ನ ಹಣದಿಂದ ತನ್ನ ಪ್ರಯೋಗಶಾಲೆಯಲ್ಲಿ ಅದನ್ನೇ ಮಾಡಿದರೆ ಆ ದೇಶದ ಕೇಂದ್ರ ಕಾಯಿದೆ ಕಣ್ಣೆತ್ತಿ ನೋಡುವುದಿಲ್ಲ. ಅದು ಪಾಪವಾದರೆ ಧನಿಕನ ಕೈಯಲ್ಲಿಯೂ ಪಾಪವೇ ಆಗಬೇಕಲ್ಲ? ಪಾಪವಲ್ಲವಾದರೆ ಸಾರ್ವಜನಿಕರ ಹಣಕ್ಕೆ ಮಾತ್ರ ಏಕೆ ಈ ಮಡಿ? ಸರಕಾರಿ ಬಾವಿಗೆ ಬೀಗ ಹಾಕಿ, ಊರ ಶ್ರೀಮಂತನ ಬಾವಿಯನ್ನು ತೆರೆದಿಟ್ಟ ಹಾಗಾಯಿತು.

ಬೀಗ ಹಾಕಿದ ಮೇಲೆ ಏನಾಯಿತು? ಥಾಮ್ಸನ್ನರು ಸರಕಾರಿ ಹಣದ ಒಂದು ಸೂಕ್ಷ್ಮದರ್ಶಕವನ್ನೂ ಮುಟ್ಟದಂತೆ ಬೇರೆ ಕೋಣೆಯಲ್ಲಿ ಕೆಲಸ ಮಾಡಬೇಕಾಯಿತು. ಹಣ ಕೊಟ್ಟದ್ದು ವಿಶ್ವವಿದ್ಯಾಲಯದ ಪೇಟೆಂಟು ನೋಡಿಕೊಳ್ಳುವ ಪ್ರತಿಷ್ಠಾನ ಮತ್ತು ಗೆರಾನ್ ಎಂಬ ಕ್ಯಾಲಿಫೋರ್ನಿಯದ ಕಂಪೆನಿ. ಪೇಟೆಂಟು ಪ್ರತಿಷ್ಠಾನದ ಹೆಸರಿಗೆ ಆಯಿತು. ಆ ಕೋಶಗಳಿಂದ ಹೃದಯದ, ನರದ, ಮೇದೋಜೀರಕದ ಕೋಶಗಳನ್ನು ಮಾಡಿ ಮಾರುವ ಹಕ್ಕಿನಲ್ಲಿ ಗೆರಾನ್ ಮೊದಲ ಪಂಕ್ತಿಯಲ್ಲಿ ಕುಳಿತಿತು. ಅಮೆರಿಕದಲ್ಲಿ ಮನುಷ್ಯಭ್ರೂಣದ ಆಕರಕೋಶವನ್ನು ಯಾರು ಮುಟ್ಟಿದರೂ ಆಗ ಈ ಪೇಟೆಂಟಿನ ಅಡಿಯಲ್ಲಿ ಬರಬೇಕಾಗಿತ್ತು. ಬೇರೆ ವಿಶ್ವವಿದ್ಯಾಲಯದ ವಿಜ್ಞಾನಿಗೆ ಕೋಶ ಬೇಕೆಂದರೆ ಮೊದಮೊದಲು 5,000 ಡಾಲರು ಕಟ್ಟಬೇಕಾಗಿತ್ತು. 2006ರಲ್ಲಿ ತೆರಿಗೆದಾರರ ಹಿತರಕ್ಷಣೆಯ ಒಂದು ಸಂಘವು ಪೇಟೆಂಟನ್ನು ಪ್ರಶ್ನಿಸಿತು. 2008ರಲ್ಲಿ ಪೇಟೆಂಟು ಕಚೇರಿ ಅದನ್ನೇ ಎತ್ತಿಹಿಡಿಯಿತು. ಯುರೋಪು ಇದಕ್ಕೆ ಒಪ್ಪಲಿಲ್ಲವೆಂಬುದನ್ನೂ ಹೇಳಬೇಕು. ಅಲ್ಲಿನ ಪೇಟೆಂಟು ಕಚೇರಿ ಅದೇ 2008ರಲ್ಲಿ, ಭ್ರೂಣನಾಶವಿಲ್ಲದೆ ದೊರೆಯದ ವಸ್ತುವಿಗೆ ಪೇಟೆಂಟು ಕೊಡಲಾಗದು ಎಂದಿತು. ನೀತಿಯ ಮಾತು ಆಡುವುದಾದರೆ ಹೀಗೆ ಆಡಬೇಕು. ನೀತಿಯ ಹೆಸರಿನಲ್ಲಿ ಸಾರ್ವಜನಿಕರ ಕೈ ಕಟ್ಟಿದವರು, ಅದೇ ನೀತಿಯಿಂದ ಲಾಭದ ಕೈಯನ್ನೂ ಕಟ್ಟಬೇಕು.

2001ರ ಆಗಸ್ಟ್ 9ರ ರಾತ್ರಿ ಅಧ್ಯಕ್ಷ ಬುಷ್ ಅವರು ದೂರದರ್ಶನದಲ್ಲಿ ಬಂದು ಒಂದು ನಡುದಾರಿ ಹೇಳಿದರು. ಅಂದಿನ ತಾರೀಖಿನೊಳಗೆ ಭ್ರೂಣದಿಂದ ತೆಗೆದ ಕೋಶಸಂತತಿಗಳ ಮೇಲೆ ಕೆಲಸ ಮಾಡಲು ಮಾತ್ರ ಕೇಂದ್ರದ ಹಣ ದೊರೆಯುವುದು, ಅನಂತರದ್ದಕ್ಕೆ ಇಲ್ಲ. ಜಗತ್ತಿನಲ್ಲಿ ಅಂಥ ಸಂತತಿಗಳು 64 ಇವೆಯೆಂದು ಪಟ್ಟಿ ಹೊರಟಿತು. ನಮ್ಮ ನಾಡಿಗೂ ಇದರಲ್ಲಿ ಒಂದು ಸಾಲು ಸಂಬಂಧವಿದೆ. ಪಟ್ಟಿಯಲ್ಲಿ ಮೂರು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವು, ಏಳು ಮುಂಬಯಿಯ ರಿಲಯನ್ಸ್ ಕಂಪೆನಿಯವು. ಒಂದೇ ರಾತ್ರಿಯಲ್ಲಿ ಬೆಂಗಳೂರು ಅಮೆರಿಕದ ರಾಜಕೀಯದೊಳಗೆ ಹೊಕ್ಕುಬಿಟ್ಟಿತು. ಆದರೆ ಪಟ್ಟಿ ಬೇರೆ, ಕೈಗೆ ಸಿಗುವ ಮಾಲು ಬೇರೆ. ವರ್ಷಗಳು ಕಳೆದ ಮೇಲೆ ನಿಜವಾಗಿ ಹಂಚಲು ದೊರೆತವು ಇಪ್ಪತ್ತೊಂದರಷ್ಟು ಮಾತ್ರ, ಅವುಗಳಲ್ಲಿ ನಮ್ಮ ದೇಶದ ಹತ್ತರ ಪೈಕಿ ಒಂದೂ ಇರಲಿಲ್ಲ. ದೊರೆತವನ್ನೂ ಇಲಿಯ ಕೋಶಗಳ ಹಾಸಿನ ಮೇಲೆ ಬೆಳೆಸಿದ್ದರಿಂದ ರೋಗಿಗೆ ಕೊಡಲು ಅವು ಯೋಗ್ಯವೇ ಎಂಬ ಸಂದೇಹ ಬೇರೆ.

ಅಂಗಡಿ ನಡೆಸುವ ಸಂಗಾತಿಗಳಿಗೆ ಇಲ್ಲೊಂದು ಸ್ವಾರಸ್ಯವಿದೆ. ಆ ಎಂಟು ವರ್ಷ ಅಮೆರಿಕದ ಪ್ರಯೋಗಶಾಲೆಗಳಲ್ಲಿ ಎರಡೆರಡು ಕಿರ್ದಿ ಇಡಬೇಕಾಯಿತು. ಅನುಮತಿಯಿರುವ ಕೋಶಕ್ಕೆ ಒಂದು ಶೀತಪೆಟ್ಟಿಗೆ, ಇಲ್ಲದ್ದಕ್ಕೆ ಇನ್ನೊಂದು. ಈ ಸೂಕ್ಷ್ಮದರ್ಶಕ ಸರಕಾರಿ ಹಣದ್ದು, ಆ ಕೋಶಕ್ಕೆ ಮುಟ್ಟಿಸಬೇಡ ಎಂದು ಸಲಕರಣೆಗೆಲ್ಲ ಚೀಟಿ. ಒಂದೇ ಕೆಲಸಕ್ಕೆ ಎರಡು ಸಲ ಸಾಮಾನು ಕೊಂಡರು. ದಾನಿಗಳ ಬಲವಿದ್ದ ದೊಡ್ಡ ವಿದ್ಯಾಲಯಗಳು ಕೊಂಡವು, ಇಲ್ಲದವು ಆ ಕೆಲಸವನ್ನೇ ಬಿಟ್ಟವು. ಇಂಥ ಲೆಕ್ಕವನ್ನು ನಮ್ಮ ಸಣ್ಣ ವರ್ತಕನು ಇಟ್ಟಿದ್ದರೆ ಮರುದಿನವೇ ಇನ್ಸ್‌ಪೆಕ್ಟರು ಬಂದು ಕೂರುತ್ತಿದ್ದ!

ಹಣವನ್ನು ಸಡಿಲಿಸುವ ಮಸೂದೆಯನ್ನು ಎರಡೂ ಸಭೆಗಳು ಪಾಸು ಮಾಡದೆ ಇರಲಿಲ್ಲ. ಮೇಲ್ಮನೆಯಲ್ಲಿ 63 ಮತ, ವಿರುದ್ಧ 37. 2006ರ ಜುಲೈ 19ರಂದು ಬುಷ್ ಅವರು ವೀಟೋ ಹಾಕಿದರು. ಐದೂವರೆ ವರ್ಷದ ಅಧಿಕಾರದಲ್ಲಿ ಅವರು ಹಾಕಿದ ಮೊದಲ ವೀಟೋ ಅದು. ಆ ಐದೂವರೆ ವರ್ಷದಲ್ಲಿ ಯುದ್ಧದ ವೆಚ್ಚದ ಮಸೂದೆಗಳೂ ಅವರ ಮೇಜಿನ ಮೇಲೆ ಬಂದಿದ್ದವು ಎಂಬುದನ್ನು ಹೇಳಿ ಮುಂದೆ ಹೋಗೋಣ. 2007ರ ಜೂನ್ ತಿಂಗಳಲ್ಲಿ ಮತ್ತೆ ವೀಟೋ. 2009ರ ಮಾರ್ಚ್ 9ರಂದು ಅಧ್ಯಕ್ಷ ಒಬಾಮ ಅವರು ಆಜ್ಞೆ ಹೊರಡಿಸಿ ತಾರೀಖಿನ ಗಡಿಯನ್ನು ತೆಗೆದರು. ಕೋರ್ಟಿನಲ್ಲಿ ಅದಕ್ಕೂ ತಡೆ ಬಂತು, 2011ರಲ್ಲಿ ತಡೆ ಬಿದ್ದುಹೋಯಿತು. ಆದರೆ ಬಾಲ ಮಾತ್ರ ಉಳಿದೇ ಇದೆ: ಕೋಶದ ಮೇಲೆ ಕೆಲಸ ಮಾಡಲು ಕೇಂದ್ರದ ಹಣವುಂಟು, ಭ್ರೂಣದಿಂದ ಕೋಶವನ್ನು ತೆಗೆಯಲು ಇಂದಿಗೂ ಇಲ್ಲ.

ಬ್ರಿಟನ್ನಿನವರು ಈ ಗೋಜಲಿಗೆ ಬೀಳಲಿಲ್ಲ. ಅವರು 1982ರಲ್ಲಿ ಮೇರಿ ವಾರ್ನಾಕ್ ಎಂಬ ತತ್ವಶಾಸ್ತ್ರಜ್ಞೆಯ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿದರು. 1984ರಲ್ಲಿ ವರದಿ ಬಂತು, 1990ರಲ್ಲಿ ಕಾಯಿದೆಯಾಯಿತು. ಹದಿನಾಲ್ಕು ದಿನ ಮೀರಿದ ಭ್ರೂಣವನ್ನು ಪ್ರಯೋಗಶಾಲೆಯಲ್ಲಿಡಕೂಡದು. ಬೆನ್ನಿನ ಗೆರೆ ಮೂಡುವುದು ಆ ಹೊತ್ತಿಗೆ, ಅದರಿಂದಾಚೆ ಅದು ಒಂದೇ ಜೀವವಾಗುವುದು ನಿಶ್ಚಯ ಎಂಬುದು ಅವರ ಯುಕ್ತಿ. ಆ ಗೆರೆ ಸರಿಯೋ ತಪ್ಪೋ ಎಂದು ಇನ್ನೂ ವಾದವಿದೆ. ನಾವು ಮೆಚ್ಚುವುದು ಬೇರೆಯದನ್ನು. ಹಣ ಸರಕಾರದ್ದಿರಲಿ ಕಂಪೆನಿಯದ್ದಿರಲಿ, ಲೈಸೆನ್ಸು ಎಲ್ಲರಿಗೂ ಬೇಕು, ಲೈಸೆನ್ಸಿಲ್ಲದೆ ಮಾಡಿದರೆ ಎಲ್ಲರಿಗೂ ಶಿಕ್ಷೆ. ಮೇಲಾಗಿ ಹೊಸ ಕೋಶಸಂತತಿಯನ್ನು ಬೆಳೆಸಿದವನು ಅದರ ಒಂದು ಭಾಗವನ್ನು ರಾಷ್ಟ್ರದ ಆಕರಕೋಶ ಬ್ಯಾಂಕಿಗೆ ಕೊಡತಕ್ಕದ್ದು ಎಂಬ ಷರತ್ತನ್ನೂ ಹಾಕಿದರು. ಬೀಜವನ್ನು ಊರ ಕಣಜದಲ್ಲಿಡು, ಬೇಕಾದವನು ಅಲ್ಲಿಂದ ಒಯ್ಯಲಿ ಎಂದ ಹಾಗೆ. ಬ್ರಿಟನ್ನಿನವರು ಸಮಾಜವಾದಿಗಳೆಂದು ನಾವು ಹೇಳುತ್ತಿಲ್ಲ. ಆದರೆ ಬಂಡವಾಳಶಾಹಿ ದೇಶವೂ ಮನಸ್ಸು ಮಾಡಿದರೆ ಇಷ್ಟನ್ನು ಮಾಡಬಹುದು ಎನ್ನಲು ಇದು ಸಾಕು.

ಈಗ ಕ್ಯಾಲಿಫೋರ್ನಿಯದ ಮಾತಿಗೆ ಬರೋಣ. ಇಂದಿನ ಭಾಷಣದ ಜೀವಾಳ ಅದು. ಕೇಂದ್ರ ಕೊಡದಿದ್ದರೇನು, ರಾಜ್ಯವೇ ಕೊಡಲಿ ಎಂದು ಅಲ್ಲಿ ಒಂದು ಚಳವಳಿ ಎದ್ದಿತು. ಅದರ ಮುಂದಾಳು ರಾಬರ್ಟ್ ಕ್ಲೈನ್ ಎಂಬ ಭೂಮಿ-ಕಟ್ಟಡ ವ್ಯವಹಾರದ ಶ್ರೀಮಂತ. ಅವರ ಮಗನಿಗೆ ಮಧುಮೇಹವಿತ್ತು, ಅವರ ಕಳಕಳಿ ಪ್ರಾಮಾಣಿಕವೆಂದೇ ನಾವು ತಿಳಿಯುತ್ತೇವೆ. 2004ರ ನವೆಂಬರಿನಲ್ಲಿ ಜನರ ಮುಂದೆ 71ನೆಯ ಸೂಚನೆ ಬಂತು: ಸಾಲಪತ್ರ ಮಾರಿ 300 ಕೋಟಿ ಡಾಲರು ಎತ್ತಿ, ಆಕರಕೋಶ ಸಂಶೋಧನೆಗೆ ಹಂಚತಕ್ಕದ್ದು. ನೂರಕ್ಕೆ 59ರಷ್ಟು ಜನ ಹೌದೆಂದರು. ಬಡ್ಡಿ ಸೇರಿ ತೆರಿಗೆದಾರನು ಮೂವತ್ತು ವರ್ಷಗಳಲ್ಲಿ ತೆರಬೇಕಾದದ್ದು ಸುಮಾರು 600 ಕೋಟಿ ಎಂದು ಸರಕಾರದ ಲೆಕ್ಕ. ಸಾಲ ಮಾಡಿ ಗೊತ್ತಿರುವ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ.

ಸಾಲ ಜನರದು. ಹಂಚುವ ಕೈ ಯಾರದು? 29 ಜನರ ಮಂಡಲಿ. ಅದರಲ್ಲಿ ವಿಶ್ವವಿದ್ಯಾಲಯದ ಮುಖ್ಯಸ್ಥರು, ಕಂಪೆನಿಗಳವರು, ರೋಗಿಗಳ ಪರವಾಗಿ ಮಾತನಾಡುವವರು. ಹಣ ಪಡೆಯುವ ಸಂಸ್ಥೆಗಳವರೇ ಹಣ ಹಂಚುವ ಪೀಠದಲ್ಲಿಯೂ ಕುಳಿತರು. ಶಾಸನಸಭೆಯು ಈ ಕಾಯಿದೆಗೆ ಮೂರು ವರ್ಷದೊಳಗೆ ಕೈ ಹಾಕಕೂಡದು, ಅನಂತರ ಹಾಕಬೇಕಾದರೂ ಎರಡೂ ಸಭೆಗಳಲ್ಲಿ ನೂರಕ್ಕೆ 70 ಮತ ಬೇಕು ಎಂದು ಸೂಚನೆಯಲ್ಲೇ ಬರೆದಿತ್ತು. ಸಾಲ ತೀರಿಸುವವನ ಪ್ರತಿನಿಧಿಗೆ ಲೆಕ್ಕ ಕೇಳುವ ಬಾಗಿಲನ್ನು ಇಷ್ಟು ಕಿರಿದು ಮಾಡಿದ್ದನ್ನು ಪ್ರಜಾಪ್ರಭುತ್ವವೆಂದು ನಾವು ಒಪ್ಪಲಾರೆವು. 2012ರಲ್ಲಿ ಅಮೆರಿಕದ ವೈದ್ಯವಿಜ್ಞಾನ ಸಂಸ್ಥೆಯ ಸಮಿತಿಯೇ ಪರಿಶೀಲನೆ ಮಾಡಿ, ಮಂಡಲಿಯ ಸದಸ್ಯರ ಹಿತಾಸಕ್ತಿಗಳು ಒಂದಕ್ಕೊಂದು ತೊಡರುತ್ತವೆ, ರಚನೆ ಬದಲಾಗಬೇಕು ಎಂದು ವರದಿ ಕೊಟ್ಟಿತು. 2020ರಲ್ಲಿ ಮತ್ತೆ 550 ಕೋಟಿ ಡಾಲರಿನ ಸಾಲಕ್ಕೆ ಜನಮತ ಕೇಳಿದರು. ಈ ಸಲ ಗೆದ್ದದ್ದು ಬರೀ 51ರಲ್ಲಿ.

ಹಾಗಾದರೆ ಸಾರ್ವಜನಿಕ ಹಣ ವ್ಯರ್ಥವಾಯಿತೇ? ಇಲ್ಲ. ಇಲ್ಲವೆನ್ನುವುದಕ್ಕಾಗಿಯೇ ಮುಂದಿನ ಎರಡು ಸಂಗತಿಗಳನ್ನು ಕಿವಿಗೊಟ್ಟು ಕೇಳಬೇಕು.

ಒಂದನೆಯದು ಗೆರಾನ್ ಕಂಪೆನಿಯದು. 2010ರ ಅಕ್ಟೋಬರಿನಲ್ಲಿ ಅದು ಬೆನ್ನುಹುರಿ ಮುರಿದ ರೋಗಿಗೆ ಭ್ರೂಣದ ಆಕರಕೋಶದಿಂದ ಮಾಡಿದ ಕೋಶಗಳನ್ನು ಕೊಟ್ಟಿತು. ಜಗತ್ತಿನಲ್ಲಿ ಅಂಥ ಮೊದಲ ಪ್ರಯೋಗ ಅದು. 2011ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯದ ಸಂಸ್ಥೆ ಅದಕ್ಕೆ ಎರಡೂವರೆ ಕೋಟಿ ಡಾಲರಿನ ಸಾಲ ಮಂಜೂರು ಮಾಡಿತು. ಅದೇ ನವೆಂಬರಿನಲ್ಲಿ ಕಂಪೆನಿ ಪ್ರಯೋಗವನ್ನು ನಿಲ್ಲಿಸಿತು. ರೋಗಿಗಳಿಗೆ ತೊಂದರೆಯಾಗಿ ಅಲ್ಲ. ನೀತಿಯ ಕಾಯಿದೆ ಅಡ್ಡ ಬಂದೂ ಅಲ್ಲ. ಬಂಡವಾಳ ಸಾಲದು, ಇರುವ ಹಣವನ್ನು ಕ್ಯಾನ್ಸರಿನ ಔಷಧಕ್ಕೆ ತಿರುಗಿಸುತ್ತೇವೆ ಎಂದರು. ಪಡೆದಿದ್ದಷ್ಟು ಸಾಲವನ್ನು ಬಡ್ಡಿಸಹಿತ ಹಿಂದಿರುಗಿಸಿದರು, ವ್ಯವಹಾರ ನೇರವೇ. ಹದಿನೈದು ವರ್ಷ ನೀತಿಯ ಹೆಸರಿನಲ್ಲಿ ಪಾರ್ಲಿಮೆಂಟು, ಕೋರ್ಟು, ಚರ್ಚುಗಳು ಜಗಳವಾಡಿದ ಒಂದು ಕೆಲಸವನ್ನು, ಡೈರೆಕ್ಟರುಗಳ ಮಂಡಲಿಯ ಒಂದು ತೀರ್ಮಾನ ಮುಗಿಸಿಬಿಟ್ಟಿತು. ಎರಡು ವರ್ಷದ ನಂತರ ಬೇರೊಂದು ಕಂಪೆನಿ ಅದನ್ನು ಕೊಂಡು, ಮತ್ತೆ ರಾಜ್ಯದ ಹಣ ಪಡೆದು ಮುಂದುವರಿಸಿತು.

ಎರಡನೆಯದು ಇನ್ನೂ ಕಹಿ. ಹುಟ್ಟಿದಾಗಲೇ ರೋಗನಿರೋಧಕ ಶಕ್ತಿ ಇಲ್ಲದ ಕೂಸುಗಳಿರುತ್ತವೆ. ಒಂದು ನೆಗಡಿ ಬಂದರೂ ಸಾಕು, ಕೂಸು ಉಳಿಯುವುದಿಲ್ಲ. ಅವನ್ನು ಯಾರೂ ಮುಟ್ಟದಂತೆ ಕಾಪಾಡಬೇಕಾದುದರಿಂದ 'ಗುಳ್ಳೆಯೊಳಗಿನ ಕೂಸು' ಎಂದು ಅಲ್ಲಿನವರು ಕರೆಯುತ್ತಾರೆ. ಲಾಸ್ ಏಂಜಲೀಸಿನ ಸಾರ್ವಜನಿಕ ವಿಶ್ವವಿದ್ಯಾಲಯದ ಡಾ. ಡೊನಾಲ್ಡ್ ಕೋನ್ ಅವರು ದಶಕಗಳ ಕಾಲ ಈ ರೋಗದ ಒಂದು ಬಗೆಯ ಮೇಲೆ ದುಡಿದರು. ಕೂಸಿನ ಮಜ್ಜೆಯಿಂದಲೇ ರಕ್ತದ ಆಕರಕೋಶ ತೆಗೆದು, ಅದರಲ್ಲಿ ಕೆಟ್ಟುಹೋದ ಒಂದು ವಂಶವಾಹಿಯ ಸರಿಯಾದ ಪ್ರತಿಯನ್ನು ಸೇರಿಸಿ, ಅದೇ ಕೂಸಿಗೆ ಹಿಂದಿರುಗಿಸುವುದು. ಇಲ್ಲಿ ಭ್ರೂಣದ ಪ್ರಶ್ನೆಯೇ ಇಲ್ಲ, ಯಾವ ಧರ್ಮದವರಿಗೂ ಆಕ್ಷೇಪಣೆಯಿಲ್ಲ. 2021ರಲ್ಲಿ ಪ್ರಕಟವಾದ ವರದಿಯಂತೆ ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ಚಿಕಿತ್ಸೆ ಪಡೆದ 50 ಮಕ್ಕಳಲ್ಲಿ 48 ಮಕ್ಕಳಿಗೆ ಅದು ಫಲಿಸಿತು. ಈ ಕೆಲಸಕ್ಕೆ ಕ್ಯಾಲಿಫೋರ್ನಿಯದ ಜನರ ಸಾಲದ ಹಣ ಹೋಗಿತ್ತು. 2016ರಲ್ಲಿ ಒಂದೇ ಕಂತಿನಲ್ಲಿ ಎರಡು ಕೋಟಿ ಡಾಲರಿನ ಅನುದಾನ.

ಅದೇ 2016ರಲ್ಲಿ ವಿಶ್ವವಿದ್ಯಾಲಯವು ಲೈಸೆನ್ಸನ್ನು ಆರ್ಚರ್ಡ್ ಎಂಬ ಕಂಪೆನಿಗೆ ಕೊಟ್ಟಿತು. ಔಷಧವನ್ನು ಪೇಟೆಗೆ ತರುವವರು ಕಂಪೆನಿಯವರೇ ಆಗಬೇಕೆಂಬುದು ಅಲ್ಲಿನ ಪದ್ಧತಿ. 2020ರಲ್ಲಿ ಕಂಪೆನಿ ಲೆಕ್ಕ ಹಾಕಿತು. ಈ ರೋಗದ ಮಕ್ಕಳು ವರ್ಷಕ್ಕೆ ಬೆರಳೆಣಿಕೆಯಷ್ಟೇ ಹುಟ್ಟುತ್ತಾರೆ, ಗಿರಾಕಿ ಕಡಿಮೆ, ಲಾಭವಿಲ್ಲ. ಇದಕ್ಕೆ ಇನ್ನು ಹಣ ಹಾಕುವುದಿಲ್ಲವೆಂದು ಹೇಳಿಬಿಟ್ಟಿತು. ಚಿಕಿತ್ಸೆ ಗೊತ್ತಿದೆ, ಮಾಡುವ ವೈದ್ಯರಿದ್ದಾರೆ, ಜನ ಹಣ ಕೊಟ್ಟಾಗಿದೆ. ಕೂಸುಗಳು ಮಾತ್ರ ಸರತಿಯಲ್ಲಿ ಕಾಯುತ್ತಿದ್ದವು, ಏಕೆಂದರೆ ಹಕ್ಕುಪತ್ರ ಕಂಪೆನಿಯ ಪೆಟ್ಟಿಗೆಯಲ್ಲಿತ್ತು. ಬಳಿಕ ಲೈಸೆನ್ಸು ವಿಶ್ವವಿದ್ಯಾಲಯಕ್ಕೆ ಮರಳಿ, ಕೆಲಸ ಮತ್ತೆ ನಡೆಯಿತು. ನಡುವೆ ಕಳೆದ ಕಾಲವನ್ನು ಆ ತಂದೆತಾಯಿಗಳಿಗೆ ಯಾವ ಕಾಯಿದೆ ಹಿಂದಿರುಗಿಸುತ್ತದೆ? ಮುಚ್ಚಿದ ಗಿರಣಿಯ ಗೇಟಿನ ಮುಂದೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಳಗೆ ಮಗ್ಗ ಸರಿಯಾಗಿದೆ, ಹೊರಗೆ ಕೈಗಳು ಸರಿಯಾಗಿವೆ, ನಡುವೆ ಬೀಗ.

ಸರಕಾರದ ಹಣದಿಂದ ಹುಟ್ಟಿದ ಶೋಧಕ್ಕೂ ಸಂಸ್ಥೆಗಳೇ ಪೇಟೆಂಟು ಪಡೆದು ಕಂಪೆನಿಗೆ ಕೊಡಬಹುದೆಂದು ಅಮೆರಿಕ 1980ರಲ್ಲಿ ಕಾಯಿದೆ ಮಾಡಿತು. ಜನರಿಗೆ ಅದು ಎಟುಕದೆ ಹೋದರೆ ಸರಕಾರವು ಮಧ್ಯೆ ಬಂದು ಬೇರೆಯವರಿಗೆ ಲೈಸೆನ್ಸು ಕೊಡಬಹುದು ಎಂಬ ಕಲಮೂ ಅದರಲ್ಲಿದೆ. ಔಷಧದ ಬೆಲೆ ಇಳಿಸಲು ಆ ಕಲಮನ್ನು ಒಮ್ಮೆಯೂ ಬಳಸಿಲ್ಲ. 2023ರ ಡಿಸೆಂಬರಿನಲ್ಲಿ ಕುಡಗೋಲು ಕಣ ರಕ್ತಹೀನತೆಗೆ, ಅಂದರೆ ಸಿಕಲ್ ಸೆಲ್ ರೋಗಕ್ಕೆ, ರಕ್ತದ ಆಕರಕೋಶವನ್ನೇ ತಿದ್ದುವ ಒಂದು ಚಿಕಿತ್ಸೆಗೆ ಅಲ್ಲಿ ಅನುಮತಿ ದೊರೆಯಿತು. ಬೆಲೆ 22 ಲಕ್ಷ ಡಾಲರು. ನಮ್ಮ ಹಣದಲ್ಲಿ ಹದಿನೆಂಟು ಕೋಟಿ ರೂಪಾಯಿಗೂ ಮೇಲೆ. ಈ ರೋಗ ನಮ್ಮ ದೇಶದಲ್ಲಿ ಹೆಚ್ಚಾಗಿ ಇರುವುದು ಆದಿವಾಸಿಗಳಲ್ಲಿ. ಕಾಡಂಚಿನ ಹಾಡಿಯ ಕೂಲಿಕಾರನಿಗೆ ಹದಿನೆಂಟು ಕೋಟಿಯೂ ಒಂದೇ, ಚಂದ್ರಲೋಕವೂ ಒಂದೇ.

ಹೆಂಗಸರ ಮಾತೊಂದು ಉಳಿದಿದೆ. ಭ್ರೂಣದ ನೀತಿಯನ್ನು ಕುರಿತು ಗಂಟೆಗಟ್ಟಲೆ ಮಾತಾಡಿದವರು ಅಂಡಾಣು ಎಲ್ಲಿಂದ ಬರುತ್ತದೆ ಎಂಬುದನ್ನು ಮಾತ್ರ ಅವಸರದಲ್ಲಿ ದಾಟಿಬಿಡುತ್ತಾರೆ. ಅಂಡಾಣು ತೆಗೆಯಲು ಹೆಂಗಸಿಗೆ ದಿನಗಟ್ಟಲೆ ಹಾರ್ಮೋನಿನ ಸೂಜಿಮದ್ದು ಕೊಡಬೇಕು. ಕೆಲವರಿಗೆ ಅಂಡಾಶಯ ಊದಿಕೊಂಡು ಜೀವಕ್ಕೇ ಅಪಾಯವಾದದ್ದುಂಟು. ದಕ್ಷಿಣ ಕೊರಿಯದಲ್ಲಿ ಹ್ವಾಂಗ್ ವೂ-ಸುಕ್ ಎಂಬ ವಿಜ್ಞಾನಿ 2004 ಮತ್ತು 2005ರಲ್ಲಿ, ತದ್ರೂಪಿ ಭ್ರೂಣದಿಂದ ಆಕರಕೋಶ ತೆಗೆದೆನೆಂದು ಸಾರಿ ರಾಷ್ಟ್ರವೀರನಾಗಿದ್ದ. ಸರಕಾರ ಹಣ ಸುರಿಯಿತು. ಆತನ ಕೈಕೆಳಗಿನ ಇಬ್ಬರು ಹೆಣ್ಣು ಸಂಶೋಧಕರೇ ಅಂಡಾಣು ಕೊಟ್ಟಿದ್ದರು, ಬೇರೆ ಕೆಲವು ಹೆಂಗಸರಿಗೆ ಹಣ ಕೊಟ್ಟು ಪಡೆಯಲಾಗಿತ್ತು ಎಂಬುದು 2005ರ ಕೊನೆಗೆ ಹೊರಬಿತ್ತು. ಇದನ್ನು ಬಯಲಿಗೆಳೆದ ಅಲ್ಲಿನ ದೂರದರ್ಶನದ ವರದಿಗಾರರನ್ನು ಜನ ಮೊದಲು ದೇಶದ್ರೋಹಿಗಳೆಂದರು. 2006ರ ಜನವರಿಯಲ್ಲಿ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಸಮಿತಿ ತೀರ್ಪು ಕೊಟ್ಟಿತು: ಕೋಶಗಳ ಕಥೆ ಸುಳ್ಳು, ಬಳಸಿದ ಅಂಡಾಣುಗಳು ಎರಡು ಸಾವಿರಕ್ಕೂ ಮೇಲೆ. ಕೈಕೆಳಗಿನವಳು ಯಜಮಾನನಿಗೆ 'ಸ್ವಂತ ಇಚ್ಛೆಯಿಂದ' ಕೊಟ್ಟಳು ಎಂಬ ಮಾತಿನ ಬೆಲೆ ಎಷ್ಟೆಂದು, ಸ್ವಂತ ಇಚ್ಛೆಯಿಂದ ಓವರ್‌ಟೈಮು ಮಾಡುವ ನಮಗೆ ಗೊತ್ತು. ಕ್ಯಾಲಿಫೋರ್ನಿಯ ತನ್ನ ಹಣದ ಸಂಶೋಧನೆಯಲ್ಲಿ ಅಂಡಾಣುವಿಗೆ ಖರ್ಚಿನ ಹೊರತು ಬೆಲೆ ಕೊಡಕೂಡದೆಂದಿತು. ನ್ಯೂಯಾರ್ಕು 2009ರಲ್ಲಿ ಕೊಡಬಹುದೆಂದಿತು. ಈ ವಿಷಯದಲ್ಲಿ ನಾವು ಕ್ಯಾಲಿಫೋರ್ನಿಯದ ಕಡೆ.

ನಮ್ಮ ದೇಶದಲ್ಲಿ ಏನಿದೆ? 2021ರ ಸಂತಾನೋತ್ಪತ್ತಿ ತಂತ್ರಜ್ಞಾನದ ಕಾಯಿದೆ, ಹೆಂಗಸು ಜೀವಮಾನದಲ್ಲಿ ಒಂದೇ ಸಲ ಅಂಡಾಣು ದಾನ ಮಾಡಬಹುದು, ಏಳಕ್ಕಿಂತ ಹೆಚ್ಚು ತೆಗೆಯಕೂಡದು ಎನ್ನುತ್ತದೆ. ಉಳಿದ ಭ್ರೂಣವನ್ನು ಹತ್ತು ವರ್ಷದ ನಂತರ ದಂಪತಿಗಳ ಒಪ್ಪಿಗೆಯಿದ್ದರೆ ಸಂಶೋಧನೆಗೆ ಕೊಡಬಹುದು. ಇದು ಒಳ್ಳೆಯದೇ. ಆದರೆ ಆಕರಕೋಶ ಸಂಶೋಧನೆಗೇ ಎಂದು ಪಾರ್ಲಿಮೆಂಟು ಮಾಡಿದ ಪ್ರತ್ಯೇಕ ಕಾಯಿದೆ ಇಲ್ಲ. ವೈದ್ಯಕೀಯ ಸಂಶೋಧನಾ ಮಂಡಳಿಯೂ ಜೈವಿಕ ತಂತ್ರಜ್ಞಾನ ಇಲಾಖೆಯೂ ಹೊರಡಿಸಿದ ಮಾರ್ಗಸೂಚಿಯಿದೆ. 2007ರ ಮಾರ್ಗಸೂಚಿಯ ಹೆಸರಿನಲ್ಲಿ 'ಸಂಶೋಧನೆ ಮತ್ತು ಚಿಕಿತ್ಸೆ' ಎಂದಿತ್ತು. 2013ರಲ್ಲಿ ಪರಿಷ್ಕರಿಸುವಾಗ 'ಚಿಕಿತ್ಸೆ' ಎಂಬ ಮಾತನ್ನೇ ಕಿತ್ತುಹಾಕಿದರು. ಮಜ್ಜೆ ಕಸಿಯಂಥ ಸಿದ್ಧಪಟ್ಟ ಕೆಲವನ್ನು ಬಿಟ್ಟರೆ ಉಳಿದದ್ದೆಲ್ಲ ಇನ್ನೂ ಪ್ರಯೋಗ, ಚಿಕಿತ್ಸೆಯಲ್ಲ ಎಂದು ಅದರ ಅರ್ಥ. 2017ರಲ್ಲಿಯೂ ಅದನ್ನೇ ಹೇಳಿದರು. ಪ್ರಯೋಗಕ್ಕೆ ಒಳಪಡುವ ರೋಗಿಯಿಂದ ಹಣ ವಸೂಲು ಮಾಡಕೂಡದೆಂದೂ ಹೇಳಿದರು. ಕಾಗದದ ಮೇಲೆ ಎಲ್ಲವೂ ಸರಿಯಿದೆ. ಆದರೆ ಮಾರ್ಗಸೂಚಿ ಎಂದರೆ ದಾರಿ ತೋರಿಸುವ ಕೈಮರ, ಗೇಟಲ್ಲ. ಲಕ್ಷಗಟ್ಟಲೆ ಹಣ ಪಡೆದು ಸೂಜಿ ಚುಚ್ಚುವವರು ಕೈಮರಕ್ಕೆ ನಮಸ್ಕಾರ ಹಾಕಿ ಪಕ್ಕದಿಂದ ಹೋಗುತ್ತಿದ್ದಾರೆ. ಅದಕ್ಕೇ ನಾವು ಕೇಳುವುದು ಪಾರ್ಲಿಮೆಂಟಿನ ಕಾಯಿದೆಯನ್ನು. ಸರಕಾರದ ಪ್ರಯೋಗಶಾಲೆಗೂ ಖಾಸಗಿ ಆಸ್ಪತ್ರೆಗೂ ಒಂದೇ ಕಟ್ಟಳೆ, ಮುರಿದವನಿಗೆ ಶಿಕ್ಷೆ, ಮತ್ತು ಜನರ ಹಣದಿಂದ ಹುಟ್ಟಿದ ಚಿಕಿತ್ಸೆಗೆ ಜನರ ಕೈಗೆಟುಕುವ ಬೆಲೆಯೆಂದು ಲೈಸೆನ್ಸಿನಲ್ಲಿಯೇ ಬರೆದ ಷರತ್ತು.

ನಮ್ಮಲ್ಲಿ ಸಾರ್ವಜನಿಕ ಹಣದ ಕೆಲಸ ನಡೆಯುವುದೇ ಇಲ್ಲವೆಂದು ಯಾರೂ ತಿಳಿಯಬಾರದು. ಬೆಂಗಳೂರಿನಲ್ಲಿ ಕೇಂದ್ರ ಸರಕಾರದ ಆಕರಕೋಶ ಸಂಶೋಧನಾ ಸಂಸ್ಥೆಯಿದೆ, ಅದರ ಶಾಖೆ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯ ಕಾಲೇಜಿನಲ್ಲಿದೆ. ಗಾಯವಾದರೆ ರಕ್ತ ನಿಲ್ಲದ ಹಿಮೋಫೀಲಿಯ ರೋಗದ ಐದು ಮಂದಿಗೆ ವೆಲ್ಲೂರಿನಲ್ಲಿ, ಅವರದೇ ಆಕರಕೋಶದಲ್ಲಿ ಸರಿಯಾದ ವಂಶವಾಹಿ ಸೇರಿಸಿ ಕೊಟ್ಟರು. ಐವರಲ್ಲಿಯೂ ರಕ್ತಸ್ರಾವ ನಿಂತಿತೆಂದು 2024ರ ಡಿಸೆಂಬರಿನಲ್ಲಿ ವರದಿ ಪ್ರಕಟವಾಯಿತು. ಐದು ಮಂದಿ ಎಂದರೆ ಆರಂಭ ಮಾತ್ರ. ಇದರ ಹಕ್ಕುಪತ್ರ ನಾಳೆ ಯಾರ ಪೆಟ್ಟಿಗೆ ಸೇರುತ್ತದೆ ಎಂದು ಈಗಲೇ ಕೇಳಬೇಕಾಗಿದೆ.

ಕೊನೆಗೆ ಆ ಏಜೆಂಟನ ಕಾಗದ. ಸ್ವಂತ ಮಗುವಿಗೆಂದು ಕೂಡಿಟ್ಟ ಹೊಕ್ಕುಳಬಳ್ಳಿಯ ರಕ್ತ ಆ ಮಗುವಿಗೇ ಬೇಕಾಗುವ ಸಂಭವ ಎರಡೂವರೆ ಸಾವಿರಕ್ಕೆ ಒಂದರಿಂದ ಎರಡು ಲಕ್ಷಕ್ಕೆ ಒಂದು ಎಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ಹೇಳಿದೆ. ಮಗುವಿಗೆ ಹುಟ್ಟಿನಿಂದ ಬಂದ ರಕ್ತದ ರೋಗವಿದ್ದರೆ ಕೂಡಿಟ್ಟ ರಕ್ತದಲ್ಲಿಯೂ ಅದೇ ರೋಗವಿರುತ್ತದೆ. ವ್ಯಾಪಾರಕ್ಕಾಗಿ ಇಂಥ ಬ್ಯಾಂಕು ನಡೆಸುವುದನ್ನು ವೈದ್ಯಕೀಯ ಸಂಶೋಧನಾ ಮಂಡಳಿಯೂ ಶಿಫಾರಸು ಮಾಡಿಲ್ಲ. ಮನೆಯಲ್ಲಿ ಈಗಾಗಲೇ ಮಜ್ಜೆ ಕಸಿ ಬೇಕಾದ ಮಗುವಿದ್ದರೆ ಅದು ಬೇರೆ ಮಾತು, ಆಗ ಸರಕಾರಿ ಆಸ್ಪತ್ರೆಯ ವೈದ್ಯರನ್ನು ಕೇಳಿ ಮಾಡತಕ್ಕದ್ದು. ಪಾರ್ಶ್ವವಾಯುವಿಗೆ, ಕೂಸಿನ ಬುದ್ಧಿಗೆ, ಬೆನ್ನುಹುರಿಗೆ ಎಂದು ಯಾರಾದರೂ ಆಕರಕೋಶ ಚಿಕಿತ್ಸೆ ಹೇಳಿದರೆ ಎರಡು ಪ್ರಶ್ನೆ ಕೇಳಿರಿ. ಭಾರತದ ವೈದ್ಯಕೀಯ ಪ್ರಯೋಗಗಳ ದಾಖಲಾತಿಯಲ್ಲಿ ಇದರ ನಂಬರು ಏನು? ಪ್ರಯೋಗವಾದರೆ ನನ್ನಿಂದ ಹಣ ಏಕೆ? ಉತ್ತರ ಬರದಿದ್ದರೆ ರುಜು ಹಾಕಬೇಡಿ, ಮುಂಗಡ ಕೊಡಬೇಡಿ. ಕಾಗದವನ್ನು ನಮ್ಮ ಕಚೇರಿಗೆ ತನ್ನಿರಿ. ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಓದಿ ಹೇಳಲು ಜನ ಇರುತ್ತಾರೆ.